ಮಳೆಯಲ್ಲಿ ಟ್ರೇಲ್ ಓಟ: ವಾಟರ್‌ಪ್ರೂಫ್ ಶೂ ಬೇಕಾ, ಬೇಡ್ವಾ?

ನಿಧಾನ ಓಟ:

ಎಲ್ಲರಿಗೂ ನಮಸ್ಕಾರ. ಮಳೆಯಲ್ಲಿ ಟ್ರೇಲ್ ಓಡಲು ಒಂದು ಜೊತೆ ಶೂ ತೆಗೆದುಕೊಳ್ಳಬೇಕು. ರಿವ್ಯೂ ಓದಿ ಓದಿ ತಲೆ ಕೆಟ್ಟು ಹೋಗಿದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಾನು ಓಡುವ ದಾರಿ ಒಂದೇ ಥರ ಇಲ್ಲ. ಶುರುವಿನಲ್ಲಿ ಸ್ವಲ್ಪ ಡಾಂಬರು ರಸ್ತೆ, ಆಮೇಲೆ ಜಲ್ಲಿಕಲ್ಲಿನ ಮಣ್ಣು ರಸ್ತೆ, ಅದು ಮುಗಿದ ಮೇಲೆ ಮರಗಳ ನಡುವೆ ಕಾಲುದಾರಿ. ಅಲ್ಲಿ ಬೇರು, ಕೆಸರು, ಉದ್ದ ಹುಲ್ಲು, ಒಂದೆರಡು ಕಡೆ ಪಾಚಿ ಕಟ್ಟಿದ ಬಂಡೆ ಎಲ್ಲಾ ಇವೆ. ಜೋರು ಮಳೆ ಆದಾಗ ಸಣ್ಣದೊಂದು ತೊರೆಯನ್ನೂ ದಾಟಬೇಕು, ನೀರು ಕಣಕಾಲಿನವರೆಗೆ ಬರುತ್ತದೆ. ಮಳೆ ಅಂತ ಮನೆಯಲ್ಲಿ ಕೂರುವ ಜಾಯಮಾನ ನನ್ನದಲ್ಲ. ಆದರೆ ಒದ್ದೆ ಸಾಕ್ಸ್‌ನಲ್ಲಿ ಪಚಪಚ ಅಂತ ಓಡುವುದು ಮಾತ್ರ ನನ್ನಿಂದ ಆಗುವುದಿಲ್ಲ.

ನೋಡಿಟ್ಟುಕೊಂಡ ಮಾಡೆಲ್‌ಗಳೆಲ್ಲ ಎರಡು ಥರ ಬರುತ್ತವೆ. ಒಂದು ಸಾದಾ ಮೆಶ್, ಅಂದರೆ ಬಲೆಯಂಥ ಬಟ್ಟೆಯದು. ಇನ್ನೊಂದು ನೀರು ತಡೆಯುವ ಗೋರ್‌ಟೆಕ್ಸ್ ಪದರ ಇರುವುದು, ಹೆಸರಿನ ಕೊನೆಯಲ್ಲಿ ಜಿಟಿಎಕ್ಸ್ ಅಂತ ಇರುತ್ತದೆ, ಅದಕ್ಕೆ ದುಡ್ಡು ಜಾಸ್ತಿ. ಜಾಸ್ತಿ ಕೊಟ್ಟರೆ ಕಾಲು ನಿಜಕ್ಕೂ ಒಣಗಿರುತ್ತದಾ? ಸೋಲ್‌ನಲ್ಲಿ ಏನು ನೋಡಬೇಕು? ಡಾಂಬರಿಗೂ ಕೆಸರಿಗೂ ಒಂದೇ ಶೂ ಆಗುತ್ತದಾ, ಇಲ್ಲಾ ಅದು ಸುಮ್ನೆ ನನ್ನ ಆಸೆನಾ?

ಬೇರುಬಂಡೆ:

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ನೀರು ಕಣಕಾಲಿನವರೆಗೆ ಬರುತ್ತದೆ ಅಂದಿರಿ. ಓಟದ ಶೂವಿನ ಬಾಯಿ ಇರುವುದು ಕಣಕಾಲಿನ ಕೆಳಗೆ. ಬಟ್ಟೆ ಎಷ್ಟೇ ವಾಟರ್‌ಪ್ರೂಫ್ ಆಗಿರಲಿ, ನೀರು ಮೇಲಿನಿಂದ ಇಳಿಯುತ್ತದೆ. ಹಾಗೆ ಇಳಿದ ನೀರನ್ನು ಅದೇ ಪದರ ಹೊರಗೂ ಬಿಡುವುದಿಲ್ಲ. ಮೆಶ್ ಶೂ ಆದರೆ ತೊರೆ ದಾಟಿ ಸ್ವಲ್ಪ ದೂರ ಓಡುವಷ್ಟರಲ್ಲಿ ಪಾದದ ಒತ್ತಡಕ್ಕೆ ನೀರು ತಾನೇ ಪಿಚಕ್ ಅಂತ ಹೊರಗೆ ಹೋಗುತ್ತದೆ. ಜಿಟಿಎಕ್ಸ್ ಆದರೆ ಕಾಲಿಗೆ ಒಂದೊಂದು ಬಕೆಟ್ ಕಟ್ಟಿಕೊಂಡು ಓಡಿದ ಹಾಗೆ, ನಿಂತು ಬಿಚ್ಚಿ ಸುರಿಯಬೇಕು.

ತೊರೆ ಬಿಡಿ, ಜಡಿಮಳೆಯಲ್ಲೂ ಇದೇ ಕಥೆ. ಮೊಣಕಾಲಿನಿಂದ ಹರಿದು ಬರುವ ನೀರನ್ನು ಸಾಕ್ಸ್ ಬತ್ತಿಯ ಥರ ಹೀರಿ ಶೂ ಒಳಗೆ ತಲುಪಿಸುತ್ತದೆ. ಯಾವ ಕಂಪನಿಯ ಶೂ ಆದರೂ ಇದನ್ನು ತಡೆಯುವುದಿಲ್ಲ.

ಇನ್ನು ಬೆವರು. ಗೋರ್‌ಟೆಕ್ಸ್ ಒಳಗೆ ಮೊದಲಿನಿಂದ ಬಳಸುತ್ತಿದ್ದದ್ದು ಟೆಫ್ಲಾನ್ ಜಾತಿಯ ಪದಾರ್ಥವನ್ನು ಎಳೆದು ಮಾಡಿದ ತೆಳು ಪೊರೆ, ಈಚಿನವುಗಳಲ್ಲಿ ಬೇರೆ ಪದಾರ್ಥದ ಪೊರೆಯೂ ಬರುತ್ತದೆ. 1969ರಲ್ಲಿ ಗೋರ್ ಕಂಪನಿಯ ಬಾಬ್ ಗೋರ್ ಆ ಟೆಫ್ಲಾನ್ ಜಾತಿಯ ಪದಾರ್ಥವನ್ನು ನಿಧಾನವಾಗಿ ಎಳೆಯುವ ಬದಲು ಒಮ್ಮೆಲೇ ಜಗ್ಗಿದಾಗ ಸಿಕ್ಕಿದ್ದು ಆ ಪೊರೆ. ಅದರ ರಂಧ್ರ ನೀರಹನಿಗಿಂತ ಸುಮಾರು 20,000 ಪಟ್ಟು ಚಿಕ್ಕದು, ಆವಿಯ ಅಣುವಿಗಿಂತ ಸುಮಾರು 700 ಪಟ್ಟು ದೊಡ್ಡದು ಅಂತ ಕಂಪನಿಯೇ ಹೇಳುತ್ತದೆ. ಅಂದರೆ ಹನಿ ಒಳಗೆ ಬರಲ್ಲ, ಬೆವರಿನ ಆವಿ ಹೊರಗೆ ಹೋಗುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆವಿ ಹೊರಗೆ ಹೋಗಬೇಕಾದರೆ ಒಳಗಿನ ಸೆಕೆ, ತೇವ ಹೊರಗಿಗಿಂತ ಜಾಸ್ತಿ ಇರಬೇಕು. ಹೊರಗಡೆಯೇ ಬೆಚ್ಚಗಿದ್ದು ಗಾಳಿಯಲ್ಲಿ ತೇವ ತುಂಬಿದ್ದರೆ ಆವಿ ಹೋಗುವುದಾದರೂ ಎಲ್ಲಿಗೆ? ಅದರ ಮೇಲೆ ಶೂವಿನ ಹೊರಬಟ್ಟೆ ನೀರು ಕುಡಿದು ಭಾರವಾಗಿದ್ದರೆ ಮುಗಿಯಿತು, ಮಳೆ ನೀರು ಒಳಗೆ ಬರದಿದ್ದರೂ ನಿಮ್ಮ ಬೆವರಿನಲ್ಲೇ ಕಾಲು ನೆನೆಯುತ್ತದೆ.

ನನ್ನ ಸಲಹೆ: ಮೆಶ್ ತಗೊಳ್ಳಿ. ಕಾಲು ಒದ್ದೆಯಾಗುತ್ತದೆ ಅಂತ ಒಪ್ಪಿಕೊಳ್ಳಿ. ಎಷ್ಟು ಬೇಗ ಒಣಗುತ್ತದೆ, ಎಷ್ಟು ಗಟ್ಟಿಯಾಗಿ ನೆಲ ಹಿಡಿಯುತ್ತದೆ, ಈ ಎರಡನ್ನೇ ನೋಡಿ ಶೂ ಆರಿಸಿ.

ಚಳಿಗೆ ಹೆದರದವ:

ಬೇರುಬಂಡೆ ಅವರೇ, ನೀವು ಹೇಳಿದ್ದು ಅರ್ಧ ಸರಿ. ಬೆಚ್ಚಗಿನ ಮಳೆಗೆ ನಿಮ್ಮ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಥರಗುಟ್ಟುವ ಚಳಿಯಲ್ಲಿ ಬೆಳಗಿನ ಜಾವ ಇಬ್ಬನಿ ತುಂಬಿದ ಹುಲ್ಲಿನಲ್ಲಿ ಮೆಶ್ ಶೂ ಹಾಕಿ ಓಡಿ ನೋಡಿ. ಹತ್ತು ನಿಮಿಷದಲ್ಲಿ ಬೆರಳುಗಳು ಇವೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಒದ್ದೆ ಕಾಲಿಗೆ ಗಾಳಿ ತಗುಲಿ ನೀರು ಆರುವಾಗ ಮೈಶಾಖವನ್ನೂ ಎಳೆದುಕೊಂಡು ಹೋಗುತ್ತದೆ ಅಲ್ವಾ. ಅಲ್ಲಿ ಆ ಪೊರೆ ಗಾಳಿಯನ್ನೇ ತಡೆಯುತ್ತದೆ, ಅದೇ ದೊಡ್ಡ ಉಪಕಾರ. ಒದ್ದೆ ಹುಲ್ಲು, ಕರಗುತ್ತಿರುವ ಹಿಮ, ಪಾದದ ಅಂಚು ಮುಳುಗದಷ್ಟು ಕೆಸರು, ಸೋನೆ ಮಳೆ: ಇವಕ್ಕೆ ಜಿಟಿಎಕ್ಸ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಾನು ಅಂಥ ದಿನಗಳಿಗೇ ಅಂತ ಒಂದು ಜೊತೆ ಇಟ್ಟಿದ್ದೇನೆ, ಬೇರೆ ದಿನ ಮುಟ್ಟುವುದಿಲ್ಲ.

ತಗೊಳ್ಳುವುದಾದರೆ ಕೈಯಲ್ಲಿ ಹಿಡಿದು ನೋಡಬೇಕಾದ ಜಾಗ ಒಂದಿದೆ. ಲೇಸ್ ಸಡಿಲ ಮಾಡಿ, ಅದರಡಿ ಇರುವ ಶೂವಿನ ನಾಲಿಗೆಯನ್ನು ಮುಂದಕ್ಕೆ ಎಳೆಯಿರಿ. ನಾಲಿಗೆಯ ಎರಡೂ ಬದಿಯಲ್ಲಿ ಮಡಚಿದ ಬಟ್ಟೆ ಶೂವಿಗೆ ಹೊಲಿದಿರುತ್ತದೆ. ಆ ಮಡಿಕೆ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಯವರೆಗೆ ಮಾತ್ರ ಶೂ ವಾಟರ್‌ಪ್ರೂಫ್. ಕೆಲವದರಲ್ಲಿ ಮೇಲಿನ ಲೇಸ್ ತೂತಿನವರೆಗೂ ಇರುತ್ತದೆ, ಕೆಲವದರಲ್ಲಿ ಅರ್ಧಕ್ಕೇ ನಿಂತಿರುತ್ತದೆ. ನಾಲಿಗೆ ಬರೀ ತುದಿಯಲ್ಲಷ್ಟೇ ಹೊಲಿದಿದ್ದರೆ ಡಬ್ಬಿಯ ಮೇಲೆ ಏನೇ ಬರೆದಿರಲಿ, ವಾಪಸ್ ಇಡಿ. ‘ವಾಟರ್ ರೆಸಿಸ್ಟೆಂಟ್’ ಅಂತ ಇದ್ದರೆ ಸಾಮಾನ್ಯವಾಗಿ ಒಳಗೆ ಪೊರೆ ಇಲ್ಲ, ನೀರು ಜಾರಿಸುವ ಲೇಪ ಮಾತ್ರ ಅಂತ ಅರ್ಥ. ಅದು ಸ್ವಲ್ಪ ದಿನಕ್ಕೆ ಸವೆದು ಹೋಗುತ್ತದೆ.

ಪೊರೆ ಕೂರಿಸುವುದರಲ್ಲೂ ಎರಡು ಥರ ಇದೆ. ಒಂದರಲ್ಲಿ ಪೊರೆಯ ಸಾಕ್ಸ್ ಮಾಡಿ ಶೂ ಒಳಗೆ ಕೂರಿಸಿರುತ್ತಾರೆ, ಹೊರಬಟ್ಟೆಗೂ ಅದಕ್ಕೂ ನಡುವೆ ನೀರು ನಿಂತು ಶೂ ಭಾರವಾಗುತ್ತದೆ. ಇನ್ನೊಂದರಲ್ಲಿ ಪೊರೆಯನ್ನು ಹೊರಬಟ್ಟೆಗೇ ಅಂಟಿಸಿರುತ್ತಾರೆ, ಗೋರ್ ಕಂಪನಿ ಅದನ್ನು ‘ಇನ್‌ವಿಸಿಬಲ್ ಫಿಟ್’ ಅಂತ ಕರೆಯುತ್ತದೆ. ಓಟಕ್ಕೆ ಎರಡನೆಯದೇ ವಾಸಿ, ಬೇಗ ಒಣಗುತ್ತದೆ, ಒಳಗೆ ಮಡಿಕೆ ಬೀಳುವುದೂ ಕಡಿಮೆ. ಒಂದೇ ಮಾಡೆಲ್‌ನ ಮೆಶ್‌ಗಿಂತ ಜಿಟಿಎಕ್ಸ್ ತೂಕ ಸ್ವಲ್ಪ ಜಾಸ್ತಿಯೇ, ಹೆಚ್ಚಾಗಿ ಒಂದು ಶೂವಿಗೆ 30ರಿಂದ 60 ಗ್ರಾಂ. ಒಳಗಿನ ಜಾಗವೂ ಒಂಚೂರು ಕಡಿಮೆ ಅನ್ನಿಸುತ್ತದೆ, ಆದ್ದರಿಂದ ಮೆಶ್ ಹಾಕಿ ನೋಡಿ ಅದೇ ಸೈಜಿನ ಜಿಟಿಎಕ್ಸ್ ಆರ್ಡರ್ ಮಾಡಬೇಡಿ.

ಉಣ್ಣೆ ಸಾಕ್ಸ್:

ಶೂ ಬಗ್ಗೆ ಇಷ್ಟೆಲ್ಲಾ ಜಗಳ, ಸಾಕ್ಸ್ ಬಗ್ಗೆ ಯಾರೂ ಮಾತಾಡಲ್ಲ. ಹತ್ತಿ ಸಾಕ್ಸ್ ಹಾಕಿಕೊಂಡು ಮಳೆಯಲ್ಲಿ ಓಡಿದರೆ ಚಿನ್ನದ ಶೂ ಹಾಕಿದರೂ ಬೊಬ್ಬೆ ಬರುತ್ತದೆ. ತೆಳ್ಳಗಿನ ಮೆರಿನೋ ಉಣ್ಣೆಯದು ತಗೊಳ್ಳಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಎಳೆಯ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ಆದರೂ ಬೆಚ್ಚಗಿರುತ್ತದೆ. ದಪ್ಪದ್ದು ಬೇಡ, ಅದು ನೀರು ಕುಡಿದು ಕೂರುತ್ತದೆ.

ಓಡುವ ಮುಂಚೆ ಬೆರಳ ಸಂದಿಗೆ, ಹಿಮ್ಮಡಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ನೀರಲ್ಲಿ ನೆಂದ ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿ ಮೆತ್ತಗಾಗುತ್ತದಲ್ಲ, ಆಮೇಲೆ ಸಣ್ಣ ಉಜ್ಜಾಟಕ್ಕೂ ಸಿಪ್ಪೆ ಎದ್ದು ಬರುತ್ತದೆ. ತೊಂದರೆ ನೀರಿನದ್ದಲ್ಲ, ಉಜ್ಜಾಟದ್ದು. ಇಷ್ಟೇ ಹೇಳಬೇಕಿತ್ತು.

ನಿಧಾನ ಓಟ:

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋ ಹಾಗಾಯ್ತು ನನ್ನ ಪರಿಸ್ಥಿತಿ 😄 ತಮಾಷೆಗೆ ಹೇಳಿದೆ, ಬೇಜಾರಾಗಬೇಡಿ. ನಾನಿರುವ ಕಡೆ ಅಂಥ ಚಳಿ ಇಲ್ಲ. ಮಳೆ ಬಂದರೂ ಸೆಕೆಯೇ. ಹಾಗಾಗಿ ಬೇರುಬಂಡೆ ಅವರ ಕಡೆ ವಾಲುತ್ತಿದ್ದೇನೆ.

ಆದರೆ ಸೋಲ್ ವಿಷಯ ಯಾರೂ ಹೇಳಲಿಲ್ಲ. ಒಂದರಲ್ಲಿ ಲಗ್, ಅಂದರೆ ಸೋಲ್ ಅಡಿಯ ರಬ್ಬರ್ ಹಲ್ಲು, 4 ಮಿ.ಮೀ. ಅಂತ ಇದೆ, ಇನ್ನೊಂದರಲ್ಲಿ 6, ಮತ್ತೊಂದರಲ್ಲಿ 8. ಉದ್ದ ಇದ್ದಷ್ಟೂ ಒಳ್ಳೆಯದು ಅಂತ ಕಣ್ಣು ಮುಚ್ಚಿ 8 ತಗೊಂಡುಬಿಡಲಾ?

ಜಾರುಬಂಡಿ:

ಅಯ್ಯೋ ಬೇಡ, ತಡೀರಿ.

8 ಮಿ.ಮೀ. ಅನ್ನುವುದು ಅಪ್ಪಟ ಕೆಸರಿಗೆ. ಇನೋವ್-8 ಕಂಪನಿಯ ಮಡ್‌ಕ್ಲಾ ನೋಡಿ, ಹೆಸರೇ ಹೇಳುತ್ತದೆ. ಮೆತ್ತನೆ ಗುಡ್ಡದ ಹುಲ್ಲು, ಮೊಣಕಾಲು ಹೂಳುವ ಕೆಸರು, ಅಲ್ಲಿ ಅದಕ್ಕೆ ಸಾಟಿ ಇಲ್ಲ. ಅದನ್ನೇ ಹಾಕಿಕೊಂಡು ನಿಮ್ಮ ಡಾಂಬರಿನ ಮೇಲೆ ಓಡಿದರೆ ಉದ್ದನೆ ರಬ್ಬರ್ ಹಲ್ಲುಗಳು ಪ್ರತಿ ಹೆಜ್ಜೆಗೂ ಬಾಗಿ ಅಲ್ಲಾಡುತ್ತವೆ, ಪಾದದಡಿ ಒತ್ತುತ್ತವೆ, ಬೇಗ ಸವೆದೂ ಹೋಗುತ್ತವೆ. ಒದ್ದೆ ಬಂಡೆಯ ಮೇಲಂತೂ ಇನ್ನೂ ಅಪಾಯ. ಯಾಕೆ ಅಂದರೆ ಬಂಡೆಯೊಳಗೆ ಹಲ್ಲು ಇಳಿಯುವುದಿಲ್ಲ. ಅಲ್ಲಿ ಹಿಡಿತ ಬರುವುದು ರಬ್ಬರ್ ಎಷ್ಟು ಅಗಲಕ್ಕೆ ಕಲ್ಲಿಗೆ ತಾಗುತ್ತದೆ, ಎಷ್ಟು ಮೆತ್ತಗೆ ಅಂಟುತ್ತದೆ ಅನ್ನುವುದರಿಂದ. ದೂರ ದೂರ ಇರುವ ಚೂಪು ಹಲ್ಲುಗಳ ತುದಿ ಮಾತ್ರ ಕಲ್ಲಿಗೆ ತಾಗಿದರೆ ಏನು ಹಿಡಿತ ಸಿಗುತ್ತದೆ?

ಅಂದರೆ ಕೆಸರಿಗೆ ಬೇಕಾದದ್ದೂ ಬಂಡೆಗೆ ಬೇಕಾದದ್ದೂ ಒಂದಕ್ಕೊಂದು ಉಲ್ಟಾ. ಕೆಸರಿಗೆ ಉದ್ದ ಹಲ್ಲು, ನಡುವೆ ಧಾರಾಳ ಜಾಗ. ಜಾಗ ಇಲ್ಲದಿದ್ದರೆ ಜಿಗುಟು ಮಣ್ಣು ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡು ಸೋಲ್ ನುಣ್ಣಗಾಗಿಬಿಡುತ್ತದೆ, ಆಮೇಲೆ 8 ಮಿ.ಮೀ. ಇದ್ದರೂ ಇಲ್ಲದಿದ್ದರೂ ಒಂದೇ. ಬಂಡೆಗೆ ಗಿಡ್ಡ ಹಲ್ಲು, ಅಗಲ ತಲೆ, ಅಂಟು ರಬ್ಬರ್. ನಿಮ್ಮ ದಾರಿಯಲ್ಲಿ ಎರಡೂ ಇವೆ, ಜೊತೆಗೆ ಡಾಂಬರು ಬೇರೆ. ಆದ್ದರಿಂದ 4ರಿಂದ 5 ಮಿ.ಮೀ. ಸರಿ. ಜಾಸ್ತಿ ಕೆಸರೇ ಇದ್ದರೆ 6ರ ತನಕ ಹೋಗಬಹುದು, ಅದಕ್ಕಿಂತ ಬೇಡ.

ಮಿ.ಮೀ. ಸಂಖ್ಯೆಗಿಂತ ನಾನು ರಬ್ಬರಿಗೆ ಜಾಸ್ತಿ ಬೆಲೆ ಕೊಡುತ್ತೇನೆ. ಅಂಗಡಿಯಲ್ಲಿ ಶೂ ತಿರುಗಿಸಿ ಹಲ್ಲಿನ ಬುಡಕ್ಕೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಉಗುರು ಸ್ವಲ್ಪ ಇಳಿದು, ತೆಗೆದ ಮೇಲೆ ಗುರುತು ನಿಧಾನಕ್ಕೆ ಮಾಯವಾದರೆ ಮೆತ್ತನೆ ರಬ್ಬರ್. ಉಗುರು ಇಳಿಯದೆ ಹಾಗೇ ಜಾರಿದರೆ ಗಟ್ಟಿ ರಬ್ಬರ್, ಅದು ಬಾಳಿಕೆ ಬರುತ್ತದೆ ಆದರೆ ಒದ್ದೆ ಕಲ್ಲಿನ ಮೇಲೆ ಕೈ ಕೊಡುತ್ತದೆ. ಕೈ ಅಲ್ಲ, ಕಾಲು. ವೈಬ್ರಾಮ್ ಕಂಪನಿಯ ಮೆಗಾಗ್ರಿಪ್ ರಬ್ಬರ್ ಒದ್ದೆ ಕಲ್ಲಿಗೆ ಹೆಸರುವಾಸಿ, ಹೋಕಾ ಕಂಪನಿಯ ಸ್ಪೀಡ್‌ಗೋಟ್ ಶೂನಲ್ಲಿ 5 ಮಿ.ಮೀ. ಲಗ್ ಜೊತೆ ಅದೇ ಇದೆ. ಸಲೋಮನ್ ಕಂಪನಿ ತನ್ನದೇ ಕಾಂಟಾಗ್ರಿಪ್ ರಬ್ಬರ್ ಹಾಕುತ್ತದೆ. ಅವರ ಸ್ಪೀಡ್‌ಕ್ರಾಸ್ ಕೆಸರಿಗೂ ಮೆತ್ತನೆ ಮಣ್ಣಿಗೂ ಎತ್ತಿದ ಕೈ, ಆದರೆ ಒದ್ದೆ ಬಂಡೆ ಜಾಸ್ತಿ ಇದ್ದರೆ ನಾನು ಅದನ್ನು ಹಾಕುವುದಿಲ್ಲ.

ಹಾಗೇ ಒಂದು ಅಡ್ಡ ಮಾತು. ವೈಬ್ರಾಮ್ ಅನ್ನುವುದು ವಿತಾಲೆ ಬ್ರಮಾನಿ ಅನ್ನುವ ಇಟಲಿಯ ಪರ್ವತಾರೋಹಿಯ ಹೆಸರಿನಿಂದ ಬಂದದ್ದು. 1935ರಲ್ಲಿ ಆಲ್ಪ್ಸ್‌ನಲ್ಲಿ ಹವಾಮಾನ ಕೆಟ್ಟು ಅವನ ಆರು ಜನ ಸಂಗಡಿಗರು ಸತ್ತರು, ಅವರ ಕಾಲಲ್ಲಿದ್ದ ಬೂಟು ಆ ಜಾಗಕ್ಕೆ ಹೇಳಿ ಮಾಡಿಸಿದ್ದಾಗಿರಲಿಲ್ಲ. ಅದಾದ ಮೇಲೆ 1937ರಲ್ಲಿ ಅವನು ಹಲ್ಲಿರುವ ರಬ್ಬರ್ ಸೋಲ್ ಹೊರತಂದ. ಇವತ್ತು ನಾವು ಲಗ್ ಎಷ್ಟು ಮಿ.ಮೀ. ಅಂತ ಚೌಕಾಸಿ ಮಾಡುತ್ತಿರುವುದರ ಮೂಲ ಅಲ್ಲಿದೆ.

ಇನ್ನೊಂದು ನೋಡಿ. ಹಿಮ್ಮಡಿ ಕಡೆಯ ಹಲ್ಲುಗಳು ಮುಂದಿನವಕ್ಕೆ ತಿರುಗುಮುರುಗಾಗಿ ಇರಬೇಕು. ಮುಂದಿನವು ಏರು ಹತ್ತುವಾಗ ತಳ್ಳುವುದಕ್ಕೆ, ಹಿಂದಿನವು ಇಳಿಯುವಾಗ ಬ್ರೇಕ್ ಹಾಕುವುದಕ್ಕೆ. ಎಲ್ಲಾ ಒಂದೇ ದಿಕ್ಕಿಗಿದ್ದರೆ ಇಳಿಜಾರಿನಲ್ಲಿ ಗೊತ್ತಾಗುತ್ತದೆ.

ಮತ್ತೆ ಪಾಚಿ ಬಂಡೆ ಅಂದಿರಿ. ಅದಕ್ಕೆ ಯಾವ ರಬ್ಬರೂ ಇಲ್ಲ ಸ್ವಾಮಿ. ರಬ್ಬರ್ ಕಲ್ಲಿಗೆ ತಾಗುವುದೇ ಇಲ್ಲ, ಪಾಚಿಗೆ ತಾಗುತ್ತದೆ, ಪಾಚಿ ಕಲ್ಲು ಬಿಟ್ಟು ಜಾರುತ್ತದೆ. ನಡೆದುಕೊಂಡು ದಾಟಿ. ಅಡ್ಡಲಾಗಿ ಬಿದ್ದ ಒದ್ದೆ ಬೇರೂ ಅಷ್ಟೇ, ಅದರ ಮೇಲೆ ಕಾಲಿಡಬೇಡಿ, ದಾಟಿ ಆಚೆ ಇಡಿ. ಹೆಜ್ಜೆ ಗಿಡ್ಡ ಮಾಡಿ, ಪಾದ ದೇಹದ ಕೆಳಗೇ ಬೀಳಲಿ. ಮುಂದಕ್ಕೆ ಚಾಚಿ ಹಿಮ್ಮಡಿ ಊರಿದರೆ ಅಂಡು ನೆಲಕ್ಕೆ.

ಚಳಿಗೆ ಹೆದರದವ:

ಜಾರುಬಂಡಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಇಳಿಜಾರು ಜಾಸ್ತಿ ಇದ್ದರೆ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಬಿಟ್ಟು ಸೈಜ್ ತಗೊಳ್ಳಿ. ತುಂಬಾ ಹೊತ್ತು ಓಡಿದರೆ ಪಾದ ಊದುತ್ತದೆ, ಒದ್ದೆ ಸಾಕ್ಸ್ ಮೇಲೆ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ. ಮೇಲೆ ಒಂದು ಜಾಸ್ತಿ ಲೇಸ್ ತೂತು ಇರುತ್ತದೆ ನೋಡಿ, ಯಾರೂ ಬಳಸದ್ದು. ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಒಂದು ಕುಣಿಕೆ ಮಾಡಿ, ಎದುರು ಬದಿಯ ಲೇಸ್ ಅದರೊಳಗೆ ತೂರಿಸಿ ಕೆಳಕ್ಕೆ ಎಳೆದು ಕಟ್ಟಿ. ಹಿಮ್ಮಡಿ ಅಲ್ಲಾಡುವುದಿಲ್ಲ. ಆ ತೂತು ಇರುವುದೇ ಇದಕ್ಕೆ.

ಆಲ್ಟ್ರಾ ಕಂಪನಿಯ ಲೋನ್ ಪೀಕ್ ಥರದ್ದು ನೋಡುತ್ತಿದ್ದರೆ ಮುಂದೆ ಬೆರಳಿಗೆ ಜಾಗ ಧಾರಾಳ, ಆದರೆ ಹಿಮ್ಮಡಿಗೂ ಮುಂಪಾದಕ್ಕೂ ಎತ್ತರದ ವ್ಯತ್ಯಾಸ ಸೊನ್ನೆ. ಅಭ್ಯಾಸ ಇಲ್ಲದವರು ಒಮ್ಮೆಲೇ ಅದಕ್ಕೆ ಹಾರಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಧಾನಕ್ಕೆ ಬದಲಾಯಿಸಿ.

ಬೇರುಬಂಡೆ:

ಒಣಗಿಸುವ ವಿಷಯ ಬಿಟ್ಟುಹೋಯಿತು. ಮಳೆಗಾಲದಲ್ಲಿ ಶೂ ಹಾಳಾಗುವುದು ಓಡುವಾಗ ಅಲ್ಲ, ಮನೆಗೆ ಬಂದ ಮೇಲೆ ಮೂಲೆಗೆ ಎಸೆಯುತ್ತೇವಲ್ಲ, ಆಗ.

ಬಂದ ತಕ್ಷಣ ಇನ್‌ಸೋಲ್ (ಒಳಗೆ ಪಾದದಡಿ ಇರುವ ಮೆತ್ತೆ) ಕಿತ್ತು ಬೇರೆ ಇಡಿ. ಅದು ತೆಗೆಯದಿದ್ದರೆ ಅಡಿಯಲ್ಲಿ ನೀರು ನಿಂತು ಎರಡು ದಿನವಾದರೂ ಆರುವುದಿಲ್ಲ, ವಾಸನೆ ಬೇರೆ. ಕೆಸರನ್ನು ತಣ್ಣೀರಲ್ಲಿ ಮೆತ್ತನೆ ಬ್ರಷ್‌ನಿಂದ ತೊಳೆಯಿರಿ, ಮುಖ್ಯವಾಗಿ ಬೆರಳು ಮಡಚುವ ಜಾಗದಲ್ಲಿ. ಅಲ್ಲಿನ ಮಡಿಕೆಯಲ್ಲಿ ಸಣ್ಣ ಮರಳು ಕೂತು ಪ್ರತಿ ಹೆಜ್ಜೆಗೂ ಉಜ್ಜಿ ಉಜ್ಜಿ ಬಟ್ಟೆ ಹರಿಯುತ್ತದೆ. ಜಿಟಿಎಕ್ಸ್ ಶೂಗಳು ಸೋರಲು ಶುರುವಾಗುವುದೂ ಹೆಚ್ಚಾಗಿ ಅಲ್ಲೇ. ಆಮೇಲೆ ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ. ಒಂದು ಗಂಟೆ ಬಿಟ್ಟು ಆ ಪೇಪರ್ ತೆಗೆದು ಹೊಸದು ಹಾಕಿ, ಇದನ್ನು ತುಂಬಾ ಜನ ಮಾಡುವುದಿಲ್ಲ, ಒದ್ದೆ ಪೇಪರ್ ರಾತ್ರಿಯೆಲ್ಲಾ ಒಳಗೇ ಇರುತ್ತದೆ. ಕೊನೆಗೆ ಫ್ಯಾನ್ ಮುಂದೆ ಇಡಿ.

ಒಲೆ, ಹೀಟರ್, ಹೇರ್ ಡ್ರೈಯರ್ ಬೇಡವೇ ಬೇಡ. ಸೋಲ್ ನಡುವಿನ ಫೋಮ್ ಬಿಸಿಗೆ ಕುಗ್ಗುತ್ತದೆ, ಅಂಟು ಬಿಡುತ್ತದೆ. ವಾಷಿಂಗ್ ಮೆಷಿನ್ನೂ ಬೇಡ.

ದಿನ ಬಿಟ್ಟು ದಿನ ಓಡುವವರಾದರೆ ಒಂದು ದುಬಾರಿ ಜೊತೆಯ ಬದಲು ಎರಡು ಸಾದಾ ಜೊತೆ ಇಟ್ಟುಕೊಳ್ಳುವುದೇ ಮೇಲು. ಒಂದು ಆರುತ್ತಿರುವಾಗ ಇನ್ನೊಂದು.

ನಿಧಾನ ಓಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೆಶ್, 5 ಮಿ.ಮೀ. ಲಗ್, ಮೆತ್ತನೆ ರಬ್ಬರ್, ತೆಳು ಉಣ್ಣೆ ಸಾಕ್ಸ್ ಅಂತ ಗಟ್ಟಿ ಮಾಡಿದೆ.

ಕೊನೆಯದಾಗಿ ಒಂದು ಪೆದ್ದು ಪ್ರಶ್ನೆ. ಸಂಬಂಧಿಕರೊಬ್ಬರು ಹೆಚ್ಚು ಬಳಸದ ಒಂದು ಜಿಟಿಎಕ್ಸ್ ಜೊತೆ ಕೊಟ್ಟಿದ್ದಾರೆ, ನನ್ನ ಸೈಜೇ, ಸೋಲ್ ಕೂಡ ಚೆನ್ನಾಗಿದೆ. ಅದಕ್ಕೆ ಬದಿಯಲ್ಲಿ ದಬ್ಬಳದಿಂದ ನಾಲ್ಕೈದು ತೂತು ಹಾಕಿದರೆ ನೀರು ಹೊರಗೆ ಹೋಗಲ್ವಾ? ಹೊಸದು ತಗೊಳ್ಳುವುದೇ ತಪ್ಪುತ್ತದೆ.

ಜಾರುಬಂಡಿ:

😂 ಹಾಕಬಹುದು, ಹಾಕಿದವರೂ ಇದ್ದಾರೆ. ಸೋಲ್ ಬಟ್ಟೆಗೆ ಸೇರುವ ಗೆರೆಯ ಸ್ವಲ್ಪ ಮೇಲೆ, ಪಾದದ ಕಮಾನಿನ ಪಕ್ಕ ಹಾಕಿದರೆ ನಿಂತ ನೀರು ಒಂದಷ್ಟು ಹೋಗುತ್ತದೆ. ಆದರೆ ಬೆವರು ಹೋಗಲ್ಲ, ಬೇಗ ಒಣಗಲ್ಲ, ತೂತು ಬಿದ್ದ ಕಡೆ ಪೊರೆ ಹರಿಯುತ್ತಾ ಹೋಗುತ್ತದೆ. ಕಡೆಗೆ ಅದು ವಾಟರ್‌ಪ್ರೂಫೂ ಅಲ್ಲ, ಮೆಶ್ಶೂ ಅಲ್ಲ.

ಒಳ್ಳೆ ಶೂ ಯಾಕೆ ಹಾಳು ಮಾಡುತ್ತೀರಿ? ತೊರೆ ತುಂಬದ ದಿನ, ಬೆಳಿಗ್ಗೆ ಹುಲ್ಲಿನಲ್ಲಿ ಇಬ್ಬನಿ ಇರುವ ದಿನ, ಸುಮ್ನೆ ವಾಕಿಂಗ್ ಹೋಗುವ ದಿನ ಅದನ್ನು ಹಾಕಿ. ಮೊದಲು ಹೊರಬಟ್ಟೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಹನಿ ಮುತ್ತಿನ ಹಾಗೆ ಉರುಳಿ ಬಿದ್ದರೆ ಲೇಪ ಇನ್ನೂ ಇದೆ. ಬಟ್ಟೆ ನೀರು ಕುಡಿದು ಅಲ್ಲಿ ಕಪ್ಪಾದರೆ ತೊಳೆದು, ಒಂದು ಸಲ ವಾಟರ್‌ಪ್ರೂಫ್ ಸ್ಪ್ರೇ ಹೊಡೆಯಿರಿ.

ಉಣ್ಣೆ ಸಾಕ್ಸ್:

ಸಂಬಂಧಿಕರು ‘ಹೇಗಿದೆ ಶೂ’ ಅಂತ ಕೇಳಿದಾಗ ತೂತು ತೋರಿಸುತ್ತೀರಾ? ಮೊದಲು ಅದಕ್ಕೆ ಉತ್ತರ ರೆಡಿ ಮಾಡಿಕೊಂಡು ಆಮೇಲೆ ದಬ್ಬಳ ಹುಡುಕಿ.